ಹಟ್ಟಿಯ ತರಬೇತಿಗೆ ದುಡ್ಡು ಎಲ್ಲಿಂದ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಸಹಜ ಕೃಷಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಿಂದ ಪತ್ರ ಬಂದಿವೆ. ಅರ್ಧಕ್ಕಿಂತ ಜಾಸ್ತಿ ಪತ್ರಗಳದ್ದು ಒಂದೇ ಮಾತು: ಕಲಿಯೋಕೆ ನಾವು ತಯಾರು, ಖರ್ಚು ಯಾರು ಕೊಡುತ್ತಾರೆ? ಅದರಲ್ಲೂ ನಾಯಕರು, ಇರುಳಿಗರು, ಕಾಡುಗೊಲ್ಲರು ಇರುವ ಹಟ್ಟಿಗಳಿಂದ ಬಂದ ಪತ್ರಗಳೇ ಹೆಚ್ಚು. ಹಾಗಾಗಿ ತೆಂಗಿನ ನುಸಿ, ಕಪ್ಪುತಲೆ ಹುಳುವಿನ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ತಳ್ಳಿ ಈ ಸಲ ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಪತ್ರ ಬರೆದವರಲ್ಲಿ ಕೆಲವರು ಹೆಸರು ಹಾಕಬೇಡಿ ಅಂದಿದ್ದರು. ಸುಮ್ನೆ ಎಲ್ಲರ ಹೆಸರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ಸರ್, ನಮ್ಮದು ನಾಯಕರ ಹಟ್ಟಿ, ನಲವತ್ತು ಮನೆ. ಒಬ್ಬೊಬ್ಬರಿಗೆ ಒಂದೂವರೆ, ಎರಡು ಎಕರೆ ಖುಷ್ಕಿ. ವರ್ಷವರ್ಷವೂ ಶೇಂಗಾ ಹಾಕಿ ಹಾಕಿ ಮಣ್ಣಿನಲ್ಲಿ ಕಸುವೇ ಇಲ್ಲ. ನಾವು ಏಳೆಂಟು ಜನ ಹುಡುಗರು ಸೇರಿ ಹಟ್ಟಿಯವರಿಗೆಲ್ಲ ಸಾವಯವ ಬೇಸಾಯದ ತರಬೇತಿ ಕೊಡಿಸೋಣ ಅಂತ ಹೊರಟೆವು. ಕಚೇರಿಯಲ್ಲಿ ಕೇಳಿದರೆ ಫಂಡ್ ಇಲ್ಲ ಅಂದರು. ನಿಜವಾಗಲೂ ಯಾವ ಯೋಜನೆಯಲ್ಲೂ ದುಡ್ಡು ಇಲ್ಲವಾ? (ಪಾವಗಡ ತಾಲ್ಲೂಕು)

ಉತ್ತರ: ಫಂಡ್ ಇಲ್ಲ ಅನ್ನುವ ಮಾತನ್ನು ನಾನೂ ಬಹಳ ವರ್ಷದಿಂದ ಕೇಳುತ್ತಿದ್ದೇನೆ ತಮ್ಮಾ. ಹೇಳಿದವರು ಸುಳ್ಳು ಹೇಳಿದರು ಅಂತಲ್ಲ. ನೀವು ಕೇಳಿದ ತಿಂಗಳಲ್ಲಿ, ನೀವು ಕೇಳಿದ ಹೆಸರಿನಲ್ಲಿ ಇರಲಿಲ್ಲ, ಅಷ್ಟೆ. ‘ಸಾವಯವ ತರಬೇತಿಗೆ ದುಡ್ಡು’ ಅಂತ ಯಾವ ಕಡತದ ಮೇಲೂ ಬರೆದಿರುವುದಿಲ್ಲ. ಅದು ಬೇರೆ ಬೇರೆ ಯೋಜನೆಗಳ ಹೊಟ್ಟೆಯೊಳಗೆ ಇರುತ್ತದೆ. ಹೆಸರು ಹಿಡಿದು ಕೇಳಬೇಕು.

ಮೊದಲನೆಯದು ಪರಂಪರಾಗತ ಕೃಷಿ ವಿಕಾಸ ಯೋಜನೆ. ಸಾವಯವ ಬೇಸಾಯದ ಕೇಂದ್ರ ಯೋಜನೆ, 2015ರಿಂದ ಇದೆ. ಇಪ್ಪತ್ತು ಹೆಕ್ಟೇರ್, ಅಂದರೆ ಐವತ್ತು ಎಕರೆಯಷ್ಟು ಜಮೀನು ಇರುವ ರೈತರು ಒಂದು ಗುಂಪಾಗಬೇಕು. ನಿಮ್ಮ ನಲವತ್ತು ಮನೆಯ ಜಮೀನು ಸೇರಿಸಿದರೆ ಅಷ್ಟು ಆಗಿಯೇ ಆಗುತ್ತದೆ. ಇದರಲ್ಲಿ ಹೆಕ್ಟೇರಿಗೆ ಮೂರು ವರ್ಷಕ್ಕೆ ಸೇರಿ 31,500 ರೂಪಾಯಿ ಲೆಕ್ಕ. ಅದರಲ್ಲಿ 15,000 ಗೊಬ್ಬರ, ಕಷಾಯ ಇತ್ಯಾದಿಗೆ ರೈತರ ಖಾತೆಗೇ ಬರುತ್ತದೆ. ಇದನ್ನು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಇನ್ನೊಂದು ಭಾಗ ಇದೆ: ಹೆಕ್ಟೇರಿಗೆ 9,000 ರೂಪಾಯಿ ತರಬೇತಿಗೇ ಅಂತ ಇಟ್ಟಿದ್ದಾರೆ. ಇಪ್ಪತ್ತು ಹೆಕ್ಟೇರಿನ ಗುಂಪಿಗೆ ಗುಣಿಸಿ ನೋಡಿ. ಮೂರು ವರ್ಷಕ್ಕೆ 1,80,000. ಈ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ, ಇಲಾಖೆಯವರೋ ಅವರು ನೇಮಿಸಿದ ಸಂಸ್ಥೆಯವರೋ ಖರ್ಚು ಮಾಡುತ್ತಾರೆ. ಆದರೆ ನಮ್ಮ ಗುಂಪಿನ ತರಬೇತಿ ಬಾಬ್ತು ಯಾವುದಕ್ಕೆ ಖರ್ಚಾಯಿತು ಅಂತ ಕೇಳುವ ಹಕ್ಕು ನಿಮಗಿದೆ, ಯಾವುದಕ್ಕೆ ಆಗಬೇಕು ಅಂತ ಮುಂಚೆಯೇ ಹೇಳುವ ಬಾಯಿಯೂ ಇದೆ. ಎರಡನೆಯದೇ ಮುಖ್ಯ.

ಆಮೇಲೆ ಕೃಷಿ ಇಲಾಖೆಯ ಆತ್ಮ ಯೋಜನೆ. ಜಿಲ್ಲೆಯ ಒಳಗೆ, ಹೊರಗೆ ರೈತರನ್ನು ಕರೆದುಕೊಂಡು ಹೋಗಿ ತೋರಿಸುವುದು, ರೈತರ ಹೊಲದಲ್ಲೇ ಪಾಠಶಾಲೆ ನಡೆಸುವುದು, ಎಲ್ಲವೂ ಇದರಲ್ಲೇ. ಇದರ ಹಣದಲ್ಲಿ ಕನಿಷ್ಠ 30 ಪರ್ಸೆಂಟ್ ಹೆಣ್ಣುಮಕ್ಕಳಿಗೆ ಖರ್ಚಾಗಬೇಕು ಅಂತ ನಿಯಮವೇ ಇದೆ. ನಿಮ್ಮ ಹಟ್ಟಿಯ ಹೆಂಗಸರ ಸಂಘದ ಲೆಟರ್‌ಹೆಡ್‌ನಲ್ಲಿ ಅರ್ಜಿ ಕೊಟ್ಟರೆ ಬೇಗ ತೂಕ ಬರುತ್ತದೆ, ನೀವು ಹುಡುಗರು ಬೇಜಾರು ಮಾಡಿಕೊಳ್ಳಬೇಡಿ.

ಹೊಸದಾಗಿ ಬಂದಿರುವುದು ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ್ದು, ದೇಶಕ್ಕೆಲ್ಲ ಸೇರಿ 2,481 ಕೋಟಿ. ಇದರಲ್ಲಿ ಗುಂಪಿಗೆ ಇಬ್ಬರು ಕೃಷಿ ಸಖಿಯರು, ಅಂದರೆ ತಾವು ಕಲಿತು ಊರವರಿಗೆ ಕಲಿಸುವ ಹೆಣ್ಣುಮಕ್ಕಳು, ಇರುತ್ತಾರೆ, ರೈತರಿಗೆ ಎಕರೆಗೆ ವರ್ಷಕ್ಕೆ 4,000ದಂತೆ ಎರಡು ವರ್ಷ ಪ್ರೋತ್ಸಾಹಧನ, ಅದೂ ಒಬ್ಬರಿಗೆ ಒಂದು ಎಕರೆವರೆಗೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ‘ನಮ್ಮ ಊರು ಯಾವುದಾದರೂ ಕ್ಲಸ್ಟರ್‌ನಲ್ಲಿ ಬಂದಿದೆಯಾ’ ಅಂತ ಕೇಳಿ. ಬಂದಿದ್ದೂ ಗೊತ್ತಿಲ್ಲದ ಊರುಗಳಿವೆ.

ನೀವು ಎಸ್‌ಟಿ ಆಗಿರುವುದರಿಂದ ಇನ್ನೊಂದು ದಾರಿ ಇದೆ. ನಮ್ಮ ರಾಜ್ಯದಲ್ಲಿ 2013ರ ಕಾಯ್ದೆ ಪ್ರಕಾರ ಅಭಿವೃದ್ಧಿ ಬಜೆಟ್ಟಿನಲ್ಲಿ ಒಂದು ಪಾಲು ಪರಿಶಿಷ್ಟ ಜಾತಿ, ಪಂಗಡದ ಜನಸಂಖ್ಯೆಗೆ ತಕ್ಕಂತೆ ಎತ್ತಿಡಬೇಕು. ಪಂಗಡದ ಪಾಲು 6.95 ಪರ್ಸೆಂಟ್. ಕೃಷಿ ಇಲಾಖೆ, ತೋಟಗಾರಿಕೆ, ರೇಷ್ಮೆ ಎಲ್ಲದರಲ್ಲೂ ಈ ಗಿರಿಜನ ಉಪಯೋಜನೆಯ ಬಾಬ್ತು ಇರುತ್ತದೆ. ಅದು ಬಹುಪಾಲು ಸ್ಪ್ರಿಂಕ್ಲರ್ ಪೈಪು, ಟಾರ್ಪಾಲು, ಔಷಧಿ ಹೊಡೆಯುವ ಮೆಷಿನ್ನಿಗೆ ಹೋಗುತ್ತದೆ. ವಸ್ತು ಕೊಟ್ಟರೆ ಫೋಟೊ ತೆಗೆಯಬಹುದು, ಬಿಲ್ ಇಡಬಹುದು, ಅಲ್ವಾ? ಕಲಿತದ್ದಕ್ಕೆ ಫೋಟೊ ಇಲ್ಲ. ಟಾರ್ಪಾಲು ಬೇಡ ಅನ್ನಬೇಡಿ, ತೆಗೆದುಕೊಳ್ಳಿ. ಜೊತೆಗೆ ತರಬೇತಿಯನ್ನೂ ಕೇಳಿ.

ಇಷ್ಟು ಹೇಳಿದ ಮೇಲೆ ನನ್ನದೇ ಒಂದು ಕಥೆ ಹೇಳಬೇಕು, ಇಲ್ಲದಿದ್ದರೆ ದುಡ್ಡು ಸಿಕ್ಕಿತು ಅಂತ ನೀವೂ ಅದೇ ಗುಂಡಿಗೆ ಬೀಳುತ್ತೀರಿ. ಬಹಳ ವರ್ಷದ ಹಿಂದೆ, ಮಧುಗಿರಿ ಕಡೆಯ ಒಂದು ಹಟ್ಟಿಯಲ್ಲಿ ನಾನೇ ಮುಂದೆ ನಿಂತು ಎರಡು ದಿನದ ತರಬೇತಿ ಮಾಡಿಸಿದ್ದೆ. ದುಡ್ಡು ಚೆನ್ನಾಗಿಯೇ ಇತ್ತು. ಶಾಲೆ ಅಂಗಳಕ್ಕೆ ಶಾಮಿಯಾನ, ಮೈಕು, ಬ್ಯಾನರ್, ಚೀಲ, ಪೆನ್ನು, ಮಧ್ಯಾಹ್ನಕ್ಕೆ ಚಿತ್ರಾನ್ನ, ಕೇಸರಿಬಾತ್. ತಿಂಗಳು ಯಾವುದು ಗೊತ್ತಾ? ಆಗಸ್ಟ್. ರಾಗಿಗೆ ಕುಂಟೆ ಹಾಯಿಸಿ ಕಳೆ ತೆಗೆಯುವ ಕಾಲ. ಹೊಲ ಬಿಟ್ಟು ಯಾರು ಬರುತ್ತಾರೆ? ಬಂದವರಲ್ಲಿ ಅರ್ಧ ಜನ ವಯಸ್ಸಾದವರು, ಇನ್ನರ್ಧ ಮಕ್ಕಳನ್ನು ಕಟ್ಟಿಕೊಂಡು ಬಂದ ಬಾಣಂತಿಯರು. ಪಟ್ಟಿಯಲ್ಲಿ ಸಹಿ ಮಾತ್ರ ಪೂರ್ತಿ ಅರವತ್ತು.

ಬಂದಿದ್ದ ಸಂಪನ್ಮೂಲ ವ್ಯಕ್ತಿ ಒಂದು ಹೊಸ ರಾಗಿ ತಳಿಯ ತೆನೆ ಎತ್ತಿ ತೋರಿಸಿ ಇಳುವರಿ ಲೆಕ್ಕ ಹೇಳುತ್ತಿದ್ದರು. ಮುಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದು ಹೋಗಿ ತೆನೆ ಇಸಿದುಕೊಂಡರು. ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದರು. ಆಮೇಲೆ ಕಡ್ಡಿಯನ್ನು ಮೊಣಕೈಗೆ ಹಿಡಿದು ಅಳೆದರು. ‘ಕಾಳೇನೋ ಸರಿ ಸಾಮಿ. ಹುಲ್ಲು ಇಷ್ಟೇ ಗಿಡ್ಡ ಆದ್ರೆ ಎತ್ತು ಏನು ತಿನ್ನಬೇಕು?’ ಅಂದರು. ಮೈಕಿನವರ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿ ಅಲ್ಲಿಗೆ ಬಿಡಲಿಲ್ಲ. ಎಂಟು ಸಾಲು ರಾಗಿ ಆದ ಮೇಲೆ ಅಕ್ಕಡಿ ಸಾಲು ಯಾಕೆ ಹಾಕಬೇಕು, ಅದರಲ್ಲಿ ಅವರೆ ಎಷ್ಟು, ತೊಗರಿ ಎಷ್ಟು, ಹುಚ್ಚೆಳ್ಳು ಯಾವ ಅಂಚಿಗೆ, ಜೋಳ ಯಾವ ಅಂಚಿಗೆ, ಕೂರಿಗೆ ಹಿಂದೆ ಬಿದಿರ ಕೊಳವೆ ಹಿಡಿದು ಕಾಳು ಬಿಡುವಾಗ ಕೈಯ ಲೆಕ್ಕ ಹೇಗೆ, ಎಲ್ಲ ನಿಂತಲ್ಲೇ ಹತ್ತು ನಿಮಿಷ ಹೇಳಿದರು. ಎರಡು ದಿನದ ತರಬೇತಿಯಲ್ಲಿ ಜನ ಕಿವಿಗೊಟ್ಟು ಕೇಳಿದ್ದು ಆ ಹತ್ತು ನಿಮಿಷವನ್ನೇ. ಸಂಜೆ ಮೈಕಿನವರಿಗೆ ಗೌರವಧನದ ಕವರ್ ಕೊಟ್ಟೆ. ಅಜ್ಜಿಗೆ ಒಂದು ಪೆನ್ನು ಕೊಟ್ಟೆ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆ ಪೆನ್ನು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹಾಗಾಗಿ ನೀವು ಯೋಜನೆ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಅದರಲ್ಲಿ ಯಾರ ಹೊಲ, ಯಾವ ಬೆಳೆ, ಯಾವ ಯಾವ ವಾರ, ಯಾರು ಕಲಿಸುತ್ತಾರೆ, ಎಷ್ಟು ಜನ ಅಂತ ಬರೆಯಿರಿ. ನನ್ನ ಕೈಲೆಕ್ಕ ಹೇಳುತ್ತೇನೆ, ರೇಟು ನಿಮ್ಮೂರಿನದ್ದು ಹಾಕಿಕೊಳ್ಳಿ. ಇಪ್ಪತ್ತೈದು ಜನ, ಬಿತ್ತನೆಗೆ ಮುಂಚಿನಿಂದ ಕೊಯ್ಲಿನವರೆಗೆ ಎಂಟು ದಿನ. ಒಟ್ಟಿಗೆ ಎಂಟು ದಿನ ಅಲ್ಲ, ಹದಿನೈದು ಇಪ್ಪತ್ತು ದಿನಕ್ಕೆ ಒಂದೊಂದು. ದಿನಕ್ಕೆ ಒಬ್ಬರಿಗೆ 350 ರೂಪಾಯಿ ಕೂಲಿ ನಷ್ಟ ಕಟ್ಟಿಕೊಟ್ಟರೆ 70,000. ಊಟ ತಲೆಗೆ ನೂರರಂತೆ 20,000. ಕಲಿಸುವವರಿಗೆ ದಿನಕ್ಕೆ 1,500ರಂತೆ 12,000, ಇದರಲ್ಲಿ ಅರ್ಧ ದಿನ ನಿಮ್ಮ ಹಟ್ಟಿಯ ಹಿರಿಯರೇ ಕಲಿಸಲಿ, ಅವರಿಗೂ ಅದೇ ರೇಟು. ಬೀಜ, ಜೀವಾಮೃತಕ್ಕೆ (ಸಗಣಿ, ಗಂಜಲದ ದ್ರವ ಗೊಬ್ಬರ) ಡ್ರಮ್ಮು, ಬೆಲ್ಲ, ಹಿಟ್ಟು ಅಂತ 15,000. ಒಟ್ಟು 1,17,000. ಬ್ಯಾನರ್‌ಗೆ ಎಷ್ಟು ಅಂದಿರಾ? ಸೊನ್ನೆ. ಹಟ್ಟಿಯ ಗೋಡೆ ಮೇಲೆ ಸುಣ್ಣದಲ್ಲಿ ಬರೆಯಿರಿ.

ಇಂಥ ಹಾಳೆ ಕೈಯಲ್ಲಿದ್ದರೆ ‘ಫಂಡ್ ಇಲ್ಲ’ ಅನ್ನುವುದು ಅಷ್ಟು ಸುಲಭವಲ್ಲ. ಪೂರ್ತಿ ಒಬ್ಬರೇ ಕೊಡಬೇಕು ಅಂತಲೂ ಇಲ್ಲ. ಕಲಿಸುವವರನ್ನು ಕೃಷಿ ವಿಜ್ಞಾನ ಕೇಂದ್ರದಿಂದ ಕಳಿಸಿ ಅಂದರೆ ಅವರಿಗೆ ಅದು ಕೆಲಸವೇ. ತುಮಕೂರು ಜಿಲ್ಲೆಯಲ್ಲಿ ಹಿರೇಹಳ್ಳಿ, ತಿಪಟೂರಿನ ಕೊನೇಹಳ್ಳಿ ಎರಡು ಕಡೆ ಇದೆ. ಬೀಜ, ಡ್ರಮ್ಮು ಒಂದು ಯೋಜನೆಯಲ್ಲಿ, ಊಟ ಇನ್ನೊಂದರಲ್ಲಿ. ಕಷ್ಟ ಇರುವುದು ಕೂಲಿ ನಷ್ಟದ 70,000ದಲ್ಲಿ. ಅದರ ಬಗ್ಗೆ ಕೆಳಗಿನ ಪ್ರಶ್ನೆ ನೋಡಿ.

ಪ್ರಶ್ನೆ: ನಮ್ಮ ಸಂಘದಲ್ಲಿ ಹದಿನಾರು ಜನ ಹೆಣ್ಣುಮಕ್ಕಳು. ತರಬೇತಿಗೆ ಬನ್ನಿ ಅಂತ ಕರೆಯುತ್ತಾರೆ. ಹೋದರೆ ಆ ದಿನದ ಕೂಲಿ ಹೋಗುತ್ತದೆ, ಮನೆಯಲ್ಲಿ ಗಂಡಸರ ಬೈಗುಳ ಬೇರೆ. ಊಟ ಹಾಕುತ್ತೇವಲ್ಲ ಅನ್ನುತ್ತಾರೆ. ಇದು ಸರಿಯಾ ಸರ್? (ಗುಡಿಬಂಡೆ ತಾಲ್ಲೂಕು)

ಉತ್ತರ: ಸರಿಯಲ್ಲ ತಾಯಿ. ಕಲಿಸೋಕೆ ಬಂದವರಿಗೆ ಸಂಬಳ, ಬಸ್ ಚಾರ್ಜು, ದಿನಭತ್ಯೆ ಎಲ್ಲ ಇದೆ. ಕಲಿಯೋಕೆ ಬಂದ ನಿಮ್ಮ ದಿನಕ್ಕೆ ಮಾತ್ರ ಬೆಲೆ ಇಲ್ಲ ಅಂದರೆ ಹೇಗೆ? ಕೆಲವು ಯೋಜನೆಗಳಲ್ಲಿ ಪ್ರಯಾಣದ ಖರ್ಚು ಕೊಡುತ್ತಾರೆ, ಕೂಲಿ ನಷ್ಟ ಅಂತ ನೇರವಾಗಿ ಬರೆದುಕೊಡುವುದು ಅಪರೂಪ. ಸಂಘದಿಂದ ಅರ್ಜಿ ಕೊಡುವಾಗ ‘ಭಾಗವಹಿಸುವವರ ದಿನಭತ್ಯೆ’ ಅಂತಲೇ ಒಂದು ಸಾಲು ಸೇರಿಸಿ. ಸರ್ಕಾರದ ದುಡ್ಡಿನಲ್ಲಿ ಆಗಲಿಲ್ಲ ಅಂದರೆ ದಾನಿಗಳನ್ನು ಇದೊಂದಕ್ಕೇ ಕೇಳಿ. ಶಾಮಿಯಾನಕ್ಕೆ ಕೊಡುವವರು ಇದಕ್ಕೂ ಕೊಡುತ್ತಾರೆ, ಯಾರೂ ಕೇಳಿರುವುದಿಲ್ಲ ಅಷ್ಟೆ.

ಇನ್ನೊಂದು ದಾರಿ, ಹೊತ್ತು ಬದಲಾಯಿಸುವುದು. ನನಗೆ ಗೊತ್ತಿರುವ ಒಂದು ಸಂಘದವರು ದಿನದ ತರಬೇತಿ ಬೇಡ ಅಂದುಬಿಟ್ಟರು. ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಹೊಲದಲ್ಲೇ, ಆಮೇಲೆ ಎಲ್ಲರೂ ಕೂಲಿಗೆ. ಬಂದ ಅಧಿಕಾರಿಗೆ ಬೇಗ ಏಳುವುದು ಕಷ್ಟವಾಯಿತು. ಆದರೆ ಎರಡು ಸಲ ಬಂದ ಮೇಲೆ ಅವರಿಗೂ ರುಚಿ ಹತ್ತಿತು, ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತರೋಕೆ ಶುರು ಮಾಡಿದರು.

ನಿಮ್ಮ ಸಂಘ ಸಂಜೀವಿನಿ ಅನ್ನುವ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿದ್ದರೆ ನಿಮ್ಮಲ್ಲೇ ಒಬ್ಬರನ್ನು ಕೃಷಿ ಸಖಿ ಮಾಡಿಸಿ. ಅವರು ಹೊರಗೆ ಹೋಗಿ ಕಲಿತು ಬರುತ್ತಾರೆ, ಉಳಿದ ಹದಿನೈದು ಜನ ಹಟ್ಟಿ ಬಿಟ್ಟು ಹೋಗಬೇಕಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಗೆ ಕೃಷಿ ವಿಜ್ಞಾನ ಕೇಂದ್ರ ಇರುವುದು ಚಿಂತಾಮಣಿಯ ಕುರುಬೂರಿನಲ್ಲಿ. ನಿಮಗೆ ಅದು ದೂರ. ಹಾಗಾಗಿಯೇ ಹೇಳಿದ್ದು, ಒಬ್ಬರು ಹೋಗಿ ಬರಲಿ. ಗಂಡಸರ ಬೈಗುಳಕ್ಕೆ ನನ್ನ ಹತ್ತಿರ ಯೋಜನೆ ಇಲ್ಲ ತಾಯಿ. ಒಂದು ಸಲ ಅವರನ್ನೂ ಕರೆದುಕೊಂಡು ಹೋಗಿ ಜೀವಾಮೃತದ ಡ್ರಮ್ಮು ತಿರುಗಿಸಲು ಹಚ್ಚಿ.

ಪ್ರಶ್ನೆ: ನಾವು ಇರುಳಿಗರು. ಕಾಡಂಚಿನಲ್ಲಿ ಅಪ್ಪನ ಕಾಲದಿಂದ ಉಳುತ್ತಿರುವ ಎರಡು ಎಕರೆ ಇದೆ, ಪಹಣಿ ಇಲ್ಲ. ಪಹಣಿ ಇಲ್ಲದೆ ರೈತರ ಗುರುತಿನ ನಂಬರ್ ಎಫ್‌ಐಡಿ ಇಲ್ಲ, ಎಫ್‌ಐಡಿ ಇಲ್ಲದೆ ಯಾವ ಸೌಲಭ್ಯವೂ ಇಲ್ಲ ಅನ್ನುತ್ತಾರೆ. ನಮಗೆ ತರಬೇತಿಯೂ ಇಲ್ಲವಾ? (ಕುಣಿಗಲ್ ತಾಲ್ಲೂಕು)

ಉತ್ತರ: ಕಲಿಯಲು ಕೂರುವುದಕ್ಕೆ ಪಹಣಿ ಬೇಡ. ಕೃಷಿ ವಿಜ್ಞಾನ ಕೇಂದ್ರದ ತರಬೇತಿಗೆ ಹೋಗಿ, ಬಾಗಿಲಲ್ಲಿ ಯಾರೂ ಪಹಣಿ ನೋಡುವುದಿಲ್ಲ. ದುಡ್ಡು ಖಾತೆಗೆ ಬರುವ ಸೌಲಭ್ಯಕ್ಕೆ ಮಾತ್ರ ಫ್ರೂಟ್ಸ್ ತಂತ್ರಾಂಶದ ಆ ನಂಬರ್ ಕೇಳುತ್ತಾರೆ. ಹಾಗಂತ ಪಹಣಿ ವಿಷಯ ಬಿಡಬೇಡಿ. ನಿಮ್ಮ ನಿಜವಾದ ಕೆಲಸ ಇರುವುದು ಅಲ್ಲಿಯೇ.

2006ರ ಅರಣ್ಯ ಹಕ್ಕು ಕಾಯ್ದೆ ಇರುವುದು ನಿಮ್ಮಂಥವರಿಗೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ಜಾಗ ನಿಮ್ಮ ಅನುಭವದಲ್ಲಿದ್ದರೆ ಹಕ್ಕುಪತ್ರ ಕೇಳಬಹುದು, ನಾಲ್ಕು ಹೆಕ್ಟೇರ್ ಒಳಗೆ. ಮದುವೆಯಾಗಿದ್ದರೆ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ಕೊಡಬೇಕು. ಮಾರೋಕೆ ಬರುವುದಿಲ್ಲ, ಮಕ್ಕಳಿಗೆ ಬರುತ್ತದೆ. ಅರ್ಜಿ ಮೊದಲು ಹೋಗುವುದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ. ಅಲ್ಲಿಂದ ಉಪವಿಭಾಗ ಸಮಿತಿ, ಆಮೇಲೆ ಜಿಲ್ಲಾ ಸಮಿತಿ. ದಾಖಲೆ ಇಲ್ಲ ಅಂತ ವಾಪಸ್ ಕಳಿಸಿದರೆ ಒಂದು ಮಾತು ನೆನಪಿಡಿ: ಊರಿನ ಹಿರಿಯರ ಹೇಳಿಕೆಯನ್ನು ಬರೆಸಿಕೊಟ್ಟರೆ ಅದೂ ಸಾಕ್ಷಿಯೇ, ನಿಯಮದಲ್ಲೇ ಇದೆ. ಅರ್ಜಿದಾರರೇ ಆ ಹಿರಿಯರಾಗಿರಬಾರದು ಅಷ್ಟೆ. ಹಳೆ ಬಾವಿ, ಸಮಾಧಿ, ನೆಟ್ಟ ಹುಣಸೆ ಮರ, ಕಲ್ಲಿನ ಬದು ಇವೂ ಲೆಕ್ಕಕ್ಕೆ ಬರುತ್ತವೆ. ಒಂದಲ್ಲ, ಎರಡು ಬಗೆಯ ಸಾಕ್ಷಿ ಕೊಡಿ.

ಹಕ್ಕುಪತ್ರ ಕೈಗೆ ಬಂದ ಮೇಲೆ ಬಾಗಿಲುಗಳು ತೆರೆಯುತ್ತವೆ. 2024ರ ಅಕ್ಟೋಬರ್ 2ರಂದು ಬುಡಕಟ್ಟು ಊರುಗಳಿಗಾಗಿ ಶುರುವಾದ ಕೇಂದ್ರದ ಧರ್ತಿ ಆಬಾ ಅಭಿಯಾನದಲ್ಲಿ ಅರಣ್ಯ ಹಕ್ಕುಪತ್ರ ಪಡೆದವರ ಬೇಸಾಯಕ್ಕೆ ನೆರವು ಕೊಡುವುದು ಅಂತಲೇ ಒಂದು ಭಾಗ ಇದೆ, ಕೃಷಿ ಇಲಾಖೆ ಮೂಲಕ. ನಿಮ್ಮೂರು ಆ ಪಟ್ಟಿಯಲ್ಲಿದೆಯಾ ಅಂತ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ.

ಇನ್ನು ನಬಾರ್ಡ್‌ನ ಬುಡಕಟ್ಟು ಅಭಿವೃದ್ಧಿ ನಿಧಿ. ‘ವಾಡಿ’ ಅನ್ನುತ್ತಾರೆ. ಒಂದು ಎಕರೆಯಲ್ಲಿ ಮಾವು, ಗೋಡಂಬಿಯಂಥ ಹಣ್ಣಿನ ಗಿಡ, ಬದುವಿನ ಸುತ್ತ ಕಾಡುಮರ, ನಡುವೆ ರಾಗಿಯೋ ಹುರುಳಿಯೋ. ಗಿಡ ಕಾಯಿ ಬಿಡುವವರೆಗೆ ಐದಾರು ವರ್ಷ ಕೈ ಹಿಡಿದು ನಡೆಸುತ್ತಾರೆ. ತರಬೇತಿ ಅಂದರೆ ನನ್ನ ಪ್ರಕಾರ ಇದು. ಎರಡು ದಿನದ್ದಲ್ಲ. ಇದನ್ನು 1982ರಲ್ಲಿ ಗುಜರಾತಿನ ವಾನ್ಸ್‌ದಾದಲ್ಲಿ ಮೊದಲು ಮಾಡಿ ತೋರಿಸಿದ ಬೈಫ್ ಸಂಸ್ಥೆಯವರು ನಮ್ಮ ತಿಪಟೂರು ಕಡೆಯ ಲಕ್ಕಿಹಳ್ಳಿಯಲ್ಲೇ ಇದ್ದಾರೆ. ಒಂದು ದಿನ ಬುತ್ತಿ ಕಟ್ಟಿಕೊಂಡು ನಾಲ್ಕು ಜನ ಹೋಗಿ ನೋಡಿ ಬನ್ನಿ. ನಬಾರ್ಡ್ ದುಡ್ಡು ನೇರ ರೈತರಿಗೆ ಬರುವುದಿಲ್ಲ, ಒಂದು ಸಂಸ್ಥೆ ನಡುವೆ ನಿಲ್ಲಬೇಕು. ನಿಮ್ಮ ಕಡೆಯ ಯಾವ ಸಂಸ್ಥೆ ನಂಬಬಹುದು ಅನ್ನುವುದನ್ನು ನೀವೇ ತೂಗಿ ನೋಡಿ. ಲೆಕ್ಕದ ಪುಸ್ತಕ ತೋರಿಸಿ ಅಂದಾಗ ಮುಖ ಸಿಂಡರಿಸದವರನ್ನು ಆರಿಸಿ.

ಪ್ರಶ್ನೆ: ನಾವು ಕಾಡುಗೊಲ್ಲರು. ಭಾಷಣದಲ್ಲಿ ಬುಡಕಟ್ಟು ಅನ್ನುತ್ತಾರೆ, ಕಚೇರಿಯಲ್ಲಿ ಎಸ್‌ಟಿ ಅಲ್ಲ ಅನ್ನುತ್ತಾರೆ. ಅಲ್ಲದೆ ಬಂದವರು ನಮ್ಮ ಅಜ್ಜಂದಿರಿಗೆ ಗೊತ್ತಿದ್ದನ್ನೇ ನಮಗೆ ಪಾಠ ಮಾಡಿ ಹೋಗುತ್ತಾರೆ. ಇದಕ್ಕೇನು ಹೇಳುತ್ತೀರಿ? (ಸಿರಾ ತಾಲ್ಲೂಕು)

ಉತ್ತರ: ನಿಮ್ಮ ಎಸ್‌ಟಿ ಬೇಡಿಕೆ ಹಳೆಯದು, ನ್ಯಾಯದ್ದು ಅಂತಲೇ ನನಗೂ ಅನ್ನಿಸುತ್ತದೆ. ಅದು ದೆಹಲಿಯಲ್ಲಿ ಆಗಬೇಕಾದ ಕೆಲಸ, ಈ ಅಂಕಣದಲ್ಲಿ ಆಗುವುದಿಲ್ಲ. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮೇಲೆ ಪಾವಗಡದ ತಮ್ಮನಿಗೆ ಹೇಳಿದ್ದರಲ್ಲಿ ಗಿರಿಜನ ಉಪಯೋಜನೆ ಒಂದನ್ನು ಬಿಟ್ಟು ಉಳಿದ ಯಾವುದಕ್ಕೂ ಎಸ್‌ಟಿ ಸರ್ಟಿಫಿಕೇಟ್ ಬೇಡ. ನವಣೆ, ಸಾಮೆ ಬೆಳೆಯುವವರಿಗೆ ಹೆಕ್ಟೇರಿಗೆ 10,000 ಕೊಡುವ ರೈತ ಸಿರಿಗೂ ಬೇಡ.

ಎರಡನೇ ಮಾತಿಗೆ ನಾನು ನಿಮ್ಮ ಕಡೆಯೇ. ನಿಮ್ಮವರ ಕುರಿ ಮಂದೆ ಒಂದು ರಾತ್ರಿ ಹೊಲದಲ್ಲಿ ತಂಗಿದರೆ ಹಿಕ್ಕೆ, ಗಂಜಲ ಎರಡೂ ಮಣ್ಣಿಗೆ ಬೀಳುತ್ತದೆ, ಸಾಗಿಸುವ ಖರ್ಚಿಲ್ಲ. ಹೊಲದವರು ಅದಕ್ಕೆ ರಾಗಿಯೋ ದುಡ್ಡೋ ಕೊಟ್ಟು ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು, ಈಗಲೂ ಕೆಲವು ಕಡೆ ಉಂಟು. ಇದಕ್ಕಿಂತ ಒಳ್ಳೆ ಸಾವಯವ ಪಾಠ ಯಾವುದಿದೆ? ಆದರೆ ಎಷ್ಟು ಕುರಿ, ಎಷ್ಟು ರಾತ್ರಿ, ಎಷ್ಟು ಎಕರೆಗೆ ಸಾಕು, ಯಾವ ಹೊಲದಲ್ಲಿ ಮಂದೆ ಕೂತ ಮೇಲೆ ಉಳುಮೆ ಯಾವಾಗ ಅನ್ನುವುದು ನಿಮ್ಮ ಹಿರಿಯರ ತಲೆಯಲ್ಲಿದೆ, ಕಾಗದದಲ್ಲಿಲ್ಲ. ನಿಮ್ಮ ಹಟ್ಟಿಯ ಓದಿದ ಮಕ್ಕಳಿಗೆ ಹೇಳಿ ಬರೆಸಿ. ಮುಂದಿನ ಸಲ ತರಬೇತಿಗೆ ಬಂದವರಿಗೆ, ‘ಒಂದು ದಿನದ ಪಾಠ ನಮ್ಮದು, ಗೌರವಧನ ಎಷ್ಟು?’ ಅಂತ ಕೇಳಿ. ನಗುತ್ತಾರೆ ಮೊದಲು. ಆಮೇಲೆ ಕೊಡುತ್ತಾರೆ.

ಗೊತ್ತಿರುವುದಕ್ಕೆ ಬೆಲೆ ಕಟ್ಟಿಸಿಕೊಳ್ಳುವುದು ಆಗದ ಮಾತಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸು ನೋಡಿ. ಒಂದು ಮನೆಯವರ ಕೆಂಪು ತೊಳೆಯ ಮರ. ಹಿರೇಹಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಅದರ ಗಿಡ ಕಸಿ ಮಾಡಿ ಮಾರಿದಾಗ ಬಂದ ದುಡ್ಡಿನಲ್ಲಿ ನೂರಕ್ಕೆ 75 ಆ ರೈತರ ಮನೆಗೆ ಅಂತ ಒಪ್ಪಂದವಾಯಿತು. ಬೀಜದ ವಿಷಯದಲ್ಲೂ 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಇದೆ. ನಿಮ್ಮ ಹಟ್ಟಿಯಲ್ಲಿ ಮಾತ್ರ ಉಳಿದಿರುವ ಸೊಗಡಿನ ಅವರೆ, ನವಣೆ ಯಾವುದಾದರೂ ಇದ್ದರೆ ರೈತರ ತಳಿ ಅಂತ ನೋಂದಣಿ ಮಾಡಿಸಬಹುದು, ರೈತರಿಗೆ ಅದಕ್ಕೆ ಶುಲ್ಕ ಇಲ್ಲ. ತಳಿ ಉಳಿಸಿದ ಸಮುದಾಯಕ್ಕೆ 10 ಲಕ್ಷ ರೂಪಾಯಿಯ ರಾಷ್ಟ್ರಮಟ್ಟದ ಪ್ರಶಸ್ತಿಯೂ ಇದೆ. ಅಷ್ಟು ದುಡ್ಡಿನಲ್ಲಿ ನಾನು ಮೇಲೆ ಹೇಳಿದಂಥ ಎಂಟು ತರಬೇತಿ ಮಾಡಬಹುದು. ಕೃಷಿ ವಿಜ್ಞಾನ ಕೇಂದ್ರದವರೇ ಅರ್ಜಿ ತುಂಬಿಸಿಕೊಡುತ್ತಾರೆ, ಬೀಜ ಎರಡು ಸೇರು ತೆಗೆದುಕೊಂಡು ಹೋಗಿ.

ಪ್ರಶ್ನೆ: ನಮ್ಮೂರ ಪಕ್ಕದ ಫ್ಯಾಕ್ಟರಿಯವರು ರೈತರ ತರಬೇತಿಗೆ ಸಾಮಾಜಿಕ ಸೇವೆಗೆ ಎತ್ತಿಟ್ಟ ಸಿಎಸ್‌ಆರ್ ದುಡ್ಡು ಕೊಡುತ್ತೇವೆ, ನಿಮ್ಮದು ನೋಂದಣಿ ಆದ ಸಂಸ್ಥೆಯಾ ಅಂತ ಕೇಳಿದರು. ಈಗ ತಾನೇ ಸಂಘ ರಿಜಿಸ್ಟರ್ ಮಾಡಿಸಿದರೆ ಸಾಕಾ? ವಿದೇಶದಲ್ಲಿರುವ ಸ್ನೇಹಿತರೊಬ್ಬರು ಕೂಡ ಕಳಿಸುತ್ತೇನೆ ಅಂದಿದ್ದಾರೆ. (ಕೋಲಾರ ತಾಲ್ಲೂಕು, ನರಸಾಪುರ ಕಡೆ)

ಉತ್ತರ: ಸಾಲದು. ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಲಾಭದ ಸರಾಸರಿಯಲ್ಲಿ 2 ಪರ್ಸೆಂಟ್ ಇಂಥ ಕೆಲಸಕ್ಕೆ ಖರ್ಚು ಮಾಡಲೇಬೇಕು. ಆದರೆ ಹೊರಗಿನ ಸಂಸ್ಥೆಗೆ ಕೊಡಬೇಕಾದರೆ ಆ ಸಂಸ್ಥೆ ಇಂಥ ಕೆಲಸ ಮೂರು ವರ್ಷ ಮಾಡಿರಬೇಕು, ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಇರಬೇಕು, ಕೇಂದ್ರದ ಕಂಪನಿ ಇಲಾಖೆಯ ಸಿಎಸ್‌ಆರ್-1 ನಂಬರ್ ಇರಬೇಕು. ಈ ನಂಬರ್ 2021ರ ಏಪ್ರಿಲ್‌ನಿಂದ ಕಡ್ಡಾಯ. ನಿನ್ನೆ ಹುಟ್ಟಿದ ಸಂಘಕ್ಕೆ ಇದ್ಯಾವುದೂ ಇರುವುದಿಲ್ಲ. ಇದಕ್ಕೆ ಅಂತ ಯಾರೋ ಏಜೆಂಟ್ ಬಂದು ಮೂವತ್ತು ಸಾವಿರ ಕೊಡಿ, ಎಲ್ಲ ಮಾಡಿಸಿಕೊಡುತ್ತೇನೆ ಅಂದರೆ ಕಾಫಿ ಕೊಟ್ಟು ಕಳಿಸಿ.

ದಾರಿ ಇದೆ. ಕಂಪನಿ ಯಾರಿಗೂ ಕೊಡದೆ ತಾನೇ ನೇರವಾಗಿ ಖರ್ಚು ಮಾಡಬಹುದು. ನೀವು ಆ ಒಂದು ಹಾಳೆ ಲೆಕ್ಕ ಕೊಡಿ, ಬೀಜದಂಗಡಿ ಬಿಲ್, ಊಟದವರ ಬಿಲ್, ಕಲಿಸುವವರ ಗೌರವಧನ ಎಲ್ಲ ಕಂಪನಿಯೇ ಕಟ್ಟಲಿ. ನಿಮ್ಮ ಕೈಗೆ ಒಂದು ಪೈಸೆ ಬರದಿದ್ದರೂ ತರಬೇತಿ ನಡೆಯುತ್ತದೆ. ನಾನು ಇದನ್ನೇ ಇಷ್ಟಪಡುತ್ತೇನೆ, ಊರಲ್ಲಿ ಜಗಳ ಆಗುವುದಿಲ್ಲ. ಒಂದೇ ಷರತ್ತು ಹಾಕಿ: ಫೋಟೊ ತೆಗೆಯುವ ದಿನ ಅವರದ್ದು, ಬಿತ್ತನೆಯ ದಿನ ನಿಮ್ಮದು. ಕೋಲಾರದಲ್ಲಿ ಮಳೆ ಬಿದ್ದ ಮೇಲೆ ಸಾಹೇಬರ ಡೇಟಿಗೆ ಕಾಯೋಕಾಗುತ್ತದಾ? ಕಲಿಸೋಕೆ ಟಮಕದ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ.

ಸ್ನೇಹಿತರು ಬೇರೆ ದೇಶದ ಪ್ರಜೆಯಾಗಿದ್ದರೆ ಅವರ ದುಡ್ಡು ಬೇಡ. ವಿದೇಶಿ ವಂತಿಗೆಗೆ ಎಫ್‌ಸಿಆರ್‌ಎ ನೋಂದಣಿ ಬೇಕು, ಅದಿಲ್ಲದೆ ಸಂಘದ ಖಾತೆಗೆ ಹಾಕಿಸಿಕೊಂಡರೆ ಕೇಸು. ನೋಂದಣಿ ಇರುವ ಸಂಸ್ಥೆಯೂ ಅದನ್ನು ನಿಮಗೆ ದಾಟಿಸುವಂತಿಲ್ಲ, 2020ರಿಂದ ಅದೂ ನಿಂತಿದೆ. ಸ್ನೇಹಿತರು ಊರಿಗೆ ಬಂದಾಗ ಹಟ್ಟಿಗೆ ಕರೆದುಕೊಂಡು ಹೋಗಿ ಮುದ್ದೆ, ಅವರೆಕಾಳು ಸಾರು ಹಾಕಿ, ಸಾಕು.

ಪ್ರಶ್ನೆ: ಜೀವಾಮೃತ ಮಾಡೋಕೂ ತರಬೇತಿ ಬೇಕಾ? ಅದಕ್ಕೂ ಸರ್ಕಾರ ದುಡ್ಡು ಸುರಿಯಬೇಕಾ? (ಶ್ರೀನಿವಾಸಪುರ)

ಉತ್ತರ: ಬೇಡ. ಎಕರೆಗೆ 200 ಲೀಟರ್ ನೀರು, ನಾಟಿ ಹಸುವಿನ ಸಗಣಿ 10 ಕೆ.ಜಿ., ಗಂಜಲ 5ರಿಂದ 10 ಲೀಟರ್, ಬೆಲ್ಲ 2 ಕೆ.ಜಿ., ಯಾವುದಾದರೂ ದ್ವಿದಳ ಧಾನ್ಯದ ಹಿಟ್ಟು 2 ಕೆ.ಜಿ., ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿ ಇಟ್ಟು ಎರಡು ಮೂರು ದಿನ ಕೋಲಿನಲ್ಲಿ ತಿರುಗಿಸಿ. ಆಯಿತು ತರಬೇತಿ, ನೀವು ಕೊಟ್ಟದ್ದು ಪತ್ರಿಕೆ ಬೆಲೆ. ಆದರೆ ಇದನ್ನು ಹುಯ್ದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವವನಲ್ಲ. ಬದು ಕಟ್ಟದೆ, ನೀರು ನಿಲ್ಲಿಸದೆ, ಬೆಳೆ ಬದಲಾಯಿಸದೆ ಡ್ರಮ್ಮು ತಿರುಗಿಸಿದರೆ ಕೈನೋವು ಬರುತ್ತದೆ. ಕಲಿಯಬೇಕಾದದ್ದು ಆ ಉಳಿದದ್ದನ್ನು, ಅದಕ್ಕೇ ದುಡ್ಡು ಬೇಕು.

ಪ್ರಶ್ನೆ: ಅರ್ಜಿ ಯಾವ ತಿಂಗಳಲ್ಲಿ ಕೊಡಬೇಕು? (ಪಾವಗಡದವರದೇ ಎರಡನೇ ಪತ್ರ)

ಉತ್ತರ: ಸಂಕ್ರಾಂತಿ ಆದ ಮೇಲೆ ತಡ ಮಾಡಬೇಡ. ಏಪ್ರಿಲ್‌ಗೆ ಹೊಸ ವರ್ಷದ ಕ್ರಿಯಾ ಯೋಜನೆ ಕೂರುತ್ತದೆ, ಅದಕ್ಕೆ ಮುಂಚೆ ನಿಮ್ಮ ಹಟ್ಟಿಯ ಹೆಸರು ಅದರಲ್ಲಿ ಸೇರಬೇಕು. ಅಕ್ಟೋಬರ್ 2ರಿಂದ ಪಂಚಾಯಿತಿಗಳಲ್ಲಿ ಮುಂದಿನ ವರ್ಷದ ಯೋಜನೆಗೆ ಗ್ರಾಮಸಭೆ ನಡೆಯುತ್ತದೆ, ಅಲ್ಲಿ ಎದ್ದು ನಿಂತು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದರಾ ಇಲ್ಲವಾ ಅಂತ ಇಣುಕಿ ನೋಡಿ. ಅರ್ಜಿ ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು ಹಾಕಿಸಿಕೊಂಡು ಮನೆಗೆ ತಂದಿಡಿ. ಜೂನ್‌ನಲ್ಲಿ ಕೊಟ್ಟರೆ ದುಡ್ಡು ಬರುವ ಹೊತ್ತಿಗೆ ಶೇಂಗಾ ಕಿತ್ತಾಗಿರುತ್ತದೆ, ಮತ್ತೆ ಶಾಮಿಯಾನ, ಮತ್ತೆ ಚಿತ್ರಾನ್ನ.

ನೀನು ಬರೆದ ಹಾಳೆಯ ಒಂದು ಪ್ರತಿ ನನಗೂ ಕಳಿಸು, ಕಲಿಸುವವರ ಸಾಲಿನಲ್ಲಿ ನಿಮ್ಮ ಅಜ್ಜಿಯರ ಹೆಸರು ಎಷ್ಟಿದೆ ನೋಡುತ್ತೇನೆ. ತೆಂಗಿನ ನುಸಿಯವರು ಬೇಸರ ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆ ನಿಮ್ಮದು.